ನಡುವಯಸ್ಸು ಮತ್ತು ಮನೆಯ ಡಾಕ್ಟರು

ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ ಯಾರನ್ನಾದರೂ ತಡೆದು, "ನಿಮ್ಮ ಅಂಗಿ ಹೊಲಿಯುವವರು ಯಾರು?" ಎಂದು ಕೇಳಿ ನೋಡಿ. ಕೂಡಲೇ ಹೆಸರು, ಗಲ್ಲಿ, ದರ ಎಲ್ಲವನ್ನೂ ಹೇಳುತ್ತಾರೆ. ಕ್ಷೌರದ ಅಂಗಡಿ ಯಾವುದು, ಉದ್ರಿ ಕೊಡುವ ಕಿರಾಣಿಯವರು ಯಾರು ಎಂಬುದಕ್ಕೂ ಉತ್ತರ ಸಿದ್ಧವಾಗಿರುತ್ತದೆ. "ನಿಮ್ಮ ಡಾಕ್ಟರು ಯಾರು?" ಎಂದು ಕೇಳಿದರೆ ಮಾತ್ರ ನಮ್ಮ ಮುಖವನ್ನೇ ನೋಡುತ್ತಾರೆ. "ನನಗೆ ಯಾವ ರೋಗವಿದೆ ಎಂದು ಡಾಕ್ಟರು?" ಎನ್ನುತ್ತಾರೆ. ಎರಡು ವರ್ಷದ ಹಿಂದೆ ಕೇಳಿದ್ದರೆ ನಾನೂ ಹೀಗೆಯೇ ಹೇಳುತ್ತಿದ್ದೆ.

ಆ ಉತ್ತರ ಎಷ್ಟು ತಪ್ಪು ಎಂಬುದನ್ನು ಕಲಿತದ್ದು ನಮ್ಮ ಖೋಲಿಯ ಹಿರಿಯರೊಬ್ಬರಿಂದ. ನಾವೆಲ್ಲ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದೆವು. ವಿಜಾಪುರದ ಕಡೆಯವರು. ಭಿವಂಡಿಯಲ್ಲಿ ಮಗ್ಗದ ಖಾತೆಯಲ್ಲಿ 20 ವರ್ಷ ದುಡಿದವರು. ವಯಸ್ಸು 49. ಒಂದು ದಿನವೂ ಹಾಸಿಗೆ ಹಿಡಿದವರಲ್ಲ. ಆಗಾಗ ತಲೆನೋವು ಎನ್ನುತ್ತಿದ್ದರು. ದಾರಿಯಲ್ಲಿ ಯಾವ ದವಾಖಾನೆ ತೆರೆದಿರುತ್ತದೋ ಅದಕ್ಕೆ ಹೋಗಿ ಒಂದು ಇಂಜೆಕ್ಷನ್ ಹಾಕಿಸಿಕೊಂಡು, ನಾಲ್ಕು ಗುಳಿಗೆ ತಂದು, ರಾತ್ರಿ ಪಾಳಿಗೆ ಹೊರಡುತ್ತಿದ್ದರು. ಆರು ವರ್ಷದಲ್ಲಿ ಹೀಗೆ ಐದು ದವಾಖಾನೆಗಳನ್ನು ಕಂಡಿದ್ದರು. ಅವುಗಳಲ್ಲಿ ಒಂದು ಕಡೆ ಡಾಕ್ಟರು ತೋಳಿಗೆ ಪಟ್ಟಿ ಕಟ್ಟಿ ನೋಡಿ, "ರಕ್ತದೊತ್ತಡ ಜಾಸ್ತಿ ಇದೆ, ವಾರ ಬಿಟ್ಟು ಬನ್ನಿ" ಎಂದಿದ್ದರಂತೆ. ವಾರ ಬಿಡುವುದರೊಳಗೆ ಪಾಳಿ ಬದಲಾಯಿತು; ಕಾಕಾ ಹೋಗಲಿಲ್ಲ. ಬರಲಿಲ್ಲವೇಕೆ ಎಂದು ಕೇಳುವವರೂ ಯಾರಿರಲಿಲ್ಲ.

ಒಂದು ಬೆಳಗಿನ ಜಾವ ಅವರು ಹಾಸಿಗೆಯಿಂದ ಏಳಲಾರದೆ ಬಿದ್ದರು. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು, ಬಲಗೈ ಎತ್ತಲಾಗಲಿಲ್ಲ. ದೊಡ್ಡ ಆಸ್ಪತ್ರೆಗೆ ಒಯ್ದೆವು. ಅಲ್ಲಿಯ ತರುಣ ಡಾಕ್ಟರು ನನ್ನನ್ನು ಕೇಳಿದರು: "ಬಿ.ಪಿ. ಎಷ್ಟು ವರ್ಷದಿಂದ? ಸಕ್ಕರೆ ಕಾಯಿಲೆ ಇದೆಯೇ? ಯಾವ ಗುಳಿಗೆ ತೆಗೆದುಕೊಳ್ಳುತ್ತಾರೆ? ಇವರ ಡಾಕ್ಟರು ಯಾರು?" ಕಾಕಾನ ಪಗಾರ ಎಷ್ಟು, ಪಿ.ಎಫ್. ನಂಬರು ಎಷ್ಟು ಎಂದು ಕೇಳಿದ್ದರೆ ನಿದ್ದೆಗಣ್ಣಿನಲ್ಲಿಯೂ ಹೇಳುತ್ತಿದ್ದೆ. ಇದೊಂದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಆಗ ಅವರ ರಕ್ತದೊತ್ತಡ 210/120 ಇತ್ತು.

ಕಾಕಾ ಬದುಕಿದರು. ಬಲಗೈ ಮಾತ್ರ ಮಗ್ಗದ ಕೆಲಸಕ್ಕೆ ಮರಳಿ ಬರಲಿಲ್ಲ. ಊರಿಗೆ ಹೋದರು. ನನಗೆ ಆಗ 36. ನನ್ನನ್ನು ಹೀಗೆ ಆಸ್ಪತ್ರೆಗೆ ಒಯ್ದರೆ ಉತ್ತರ ಹೇಳುವವರು ಯಾರು ಎಂಬ ಯೋಚನೆ ಅಂದು ಹತ್ತಿತು.

ನಡುವಯಸ್ಸಿನಲ್ಲಿಯೇ ಏಕೆ?

ಎಳೆಯ ವಯಸ್ಸಿನ ಕಾಯಿಲೆಗಳು ಬಾಗಿಲು ಬಡಿದು ಬರುತ್ತವೆ. ಜ್ವರ, ಭೇದಿ, ಗಾಯ ಇವು ಬಂದದ್ದು ನಮಗೇ ತಿಳಿಯುತ್ತದೆ. ನಡುವಯಸ್ಸಿನವು ಹಾಗಲ್ಲ. ರಕ್ತದೊತ್ತಡ ಏರಿದವರಲ್ಲಿ ಬಹಳ ಜನರಿಗೆ ಯಾವ ನೋವೂ ಇರುವುದಿಲ್ಲ. ಸಕ್ಕರೆ ಕಾಯಿಲೆಯೂ ವರ್ಷಗಟ್ಟಲೆ ಸದ್ದಿಲ್ಲದೆ ಇರಬಲ್ಲುದು. ಅವು ಒಳಗಿಂದೊಳಗೆ ಹೃದಯ, ಮೂತ್ರಪಿಂಡ, ಕಣ್ಣು, ಮೆದುಳುಗಳನ್ನು ಕೆಡಿಸುತ್ತ ಬಂದು ಒಂದು ದಿನ ಕೆಡವುತ್ತವೆ. ಆದುದರಿಂದ ನೋವು ಬಂದಾಗ ಡಾಕ್ಟರನ್ನು ಹುಡುಕೋಣ ಎಂಬುದು ಬಾಯಾರಿದಾಗ ಬಾವಿ ತೋಡುವ ಲೆಕ್ಕವೇ ಸರಿ.

ಈ ಕಾಯಿಲೆಗಳ ಇನ್ನೊಂದು ಗುಣವೆಂದರೆ ಒಂದು ದಿನದ ಪರೀಕ್ಷೆಯಿಂದ ಅವು ಪೂರ್ತಿ ಗೊತ್ತಾಗುವುದಿಲ್ಲ. ರಕ್ತದೊತ್ತಡ ಒಂದು ಸಲ 140/90 ದಾಟಿದ ಮಾತ್ರಕ್ಕೆ ರೋಗವೆಂದು ಹೇಳಲಾಗದು. ಬೇರೆ ಬೇರೆ ದಿನಗಳಲ್ಲಿ ಅಳೆದಾಗಲೂ ಹಾಗೆಯೇ ಇರಬೇಕು. ರಾತ್ರಿ ಉಂಡ ಮೇಲೆ ಎಂಟು ಗಂಟೆ ಏನೂ ತಿನ್ನದೆ ರಕ್ತ ಕೊಟ್ಟಾಗ ಸಕ್ಕರೆ 126 ಅಥವಾ ಅದಕ್ಕೂ ಹೆಚ್ಚು ಬಂದರೆ ಸಾಮಾನ್ಯವಾಗಿ ಮತ್ತೊಮ್ಮೆ ನೋಡಿ ಖಚಿತ ಮಾಡಿಕೊಳ್ಳುತ್ತಾರೆ. ಇಂದಿನ ಅಂಕಿಯನ್ನು ಹೋದ ವರ್ಷದ ಅಂಕಿಯ ಪಕ್ಕದಲ್ಲಿಟ್ಟು ನೋಡುವವರು ಬೇಕು. ಐದು ದವಾಖಾನೆಗಳಲ್ಲಿ ಹಂಚಿಹೋದ ಕಾಕಾನ ಕಾಯಿಲೆ ಐದು ಕಡೆಯೂ ಬರಿಯ ತಲೆನೋವೇ ಆಗಿತ್ತು.

ನಾರ್ವೆ ದೇಶದಲ್ಲಿ ಸುಮಾರು 45 ಲಕ್ಷ ಜನರ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಒಬ್ಬರೇ ಡಾಕ್ಟರನ್ನು 15 ವರ್ಷಕ್ಕೂ ಹೆಚ್ಚು ಕಾಲ ಉಳಿಸಿಕೊಂಡವರನ್ನು, ಒಂದೇ ವರ್ಷದ ಪರಿಚಯವಿದ್ದವರಿಗೆ ಹೋಲಿಸಿದಾಗ, ತುರ್ತಾಗಿ ಆಸ್ಪತ್ರೆ ಸೇರುವುದು ಶೇಕಡಾ 28ರಷ್ಟೂ ಸಾವಿನ ಪ್ರಮಾಣ ಶೇಕಡಾ 25ರಷ್ಟೂ ಕಡಿಮೆಯಿತ್ತು. ನಾರ್ವೆಯ ಲೆಕ್ಕ ಭಿವಂಡಿಗೆ ಹಾಗೆಯೇ ಹೊಂದಲಾರದು. ಆದರೂ ಹಳೆಯ ಪರಿಚಯವೇ ಒಂದು ಔಷಧ ಎಂಬ ನಮ್ಮ ಹಿರಿಯರ ತಿಳುವಳಿಕೆಗೆ ಇದು ಬಲ ಕೊಡುತ್ತದೆ.

ನಾನು ಹುಡುಕಿದ ಬಗೆ

ನಾನು ಮೂವರ ಬಳಿಗೆ ಹೋದೆ, ಮೈ ಚೆನ್ನಾಗಿದ್ದಾಗಲೇ. ಮೊದಲನೆಯವರು, "ಏನೂ ಇಲ್ಲದೆ ಏಕೆ ಬಂದಿರಿ?" ಎಂದು ನಕ್ಕು ಕಳಿಸಿದರು. ಎರಡನೆಯವರು ನನ್ನ ಮಾತು ಮುಗಿಯುವ ಮೊದಲೇ ಹನ್ನೊಂದು ಪರೀಕ್ಷೆಗಳ ಚೀಟಿ ಬರೆದು, ಇಂಥ ಲ್ಯಾಬಿನಲ್ಲಿಯೇ ಮಾಡಿಸಬೇಕೆಂದರು. ಮೂರನೆಯವರು ಐದು ನಿಮಿಷ ಸುಮ್ಮನೆ ಕೂಡಿಸಿ, ಆಮೇಲೆ ತೋಳಿಗೆ ಪಟ್ಟಿ ಕಟ್ಟಿದರು. 146/92 ಬಂತು. ತಂದೆ ತಾಯಿ ಇದ್ದಾರೆಯೇ, ಅವರಿಗೆ ಏನು ಕಾಯಿಲೆ, ಪಾಳಿ ಯಾವುದು, ಊಟ ಎಲ್ಲಿ, ತಂಬಾಕು ಉಂಟೇ ಎಂದು ಕೇಳಿ ಬರೆದುಕೊಂಡರು. "ಇಂದು ಗುಳಿಗೆ ಕೊಡುವುದಿಲ್ಲ. ವಾರ ಬಿಟ್ಟು ಬನ್ನಿ. ಬರುವ ಮೊದಲು ಅರ್ಧ ಗಂಟೆ ಚಹಾ, ತಂಬಾಕು ಬೇಡ" ಎಂದರು. ಅದೇ ಮಾತು! ಕಾಕಾನಿಗೆ ಹೇಳಿದ ಮಾತೇ. ನಾನು ಹೋದೆ. ಇಂದಿಗೂ ಹೋಗುತ್ತಿದ್ದೇನೆ.

ಈ ಅಲೆದಾಟದಿಂದ ತಿಳಿದದ್ದನ್ನು ಹೇಳುತ್ತೇನೆ.

ಮೊದಲು ಬೋರ್ಡನ್ನು ಓದಿರಿ. ಎಂ.ಬಿ.ಬಿ.ಎಸ್. ಎಂದರೆ ಅಲೋಪಥಿ, ಬಿ.ಎ.ಎಂ.ಎಸ್. ಎಂದರೆ ಆಯುರ್ವೇದ, ಬಿ.ಎಚ್.ಎಂ.ಎಸ್. ಎಂದರೆ ಹೋಮಿಯೋಪಥಿ. ಯಾರ ಬಳಿಗೆ ಹೋಗುತ್ತಿದ್ದೇವೆಂಬುದು ನಮಗೆ ತಿಳಿದಿರಬೇಕು. ಅಲೋಪಥಿ ವೈದ್ಯರು ತಮ್ಮ ನೋಂದಣಿ ನಂಬರನ್ನು ದವಾಖಾನೆಯಲ್ಲಿಯೂ ಔಷಧ ಚೀಟಿಯಲ್ಲಿಯೂ ಕಾಣಿಸಬೇಕೆಂದು 2002ರ ವೈದ್ಯ ಮಂಡಳಿಯ ನಿಯಮವಿದೆ. ನಂಬರಿಲ್ಲದ ಬೋರ್ಡಿನ ಕೆಳಗೆ ಕಾಯುತ್ತ ಕೂಡಬೇಡಿರಿ.

ಎರಡನೆಯದು, ದೂರ ಮತ್ತು ವೇಳೆ. ಎಷ್ಟೇ ಹೆಸರಾಂತವರಾದರೂ ಎರಡು ರೈಲು ಬದಲಿಸಿ ಹೋಗಬೇಕಾದರೆ ಮೂರನೆಯ ಸಲ ನಾವು ಹೋಗುವುದಿಲ್ಲ. ನಮ್ಮ ಪಾಳಿ ಬಿಟ್ಟ ಮೇಲೆ ತೆರೆದಿರುವ, ನಡೆದು ಹೋಗಬಹುದಾದ ದವಾಖಾನೆಯೇ ಮೇಲು.

ಮೂರನೆಯದು, ಅವರ ರೀತಿ. ಮಾತು ಕೇಳುತ್ತಾರೆಯೇ? ಮೈ ಮುಟ್ಟಿ ನೋಡುತ್ತಾರೆಯೇ? ಅಳೆದ ಅಂಕಿಯನ್ನು ನಮ್ಮ ಚೀಟಿಯಲ್ಲಿ ಬರೆಯುತ್ತಾರೆಯೇ? "ಈ ಗುಳಿಗೆ ಏಕೆ, ಎಷ್ಟು ದಿನ?" ಎಂದು ಕೇಳಿದರೆ ಸಿಟ್ಟಾಗದೆ ಹೇಳುತ್ತಾರೆಯೇ? ತಮ್ಮ ಕೈಗೆ ಮೀರಿದ್ದನ್ನು ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆಯೇ? ಪ್ರತಿ ತಲೆನೋವಿಗೂ ಇಂಜೆಕ್ಷನ್, ಪ್ರತಿ ಸುಸ್ತಿಗೂ ಸಲಾಯಿನ್ ಏರಿಸುವವರಿಂದ ದೂರವಿರಿ. ನಮ್ಮಲ್ಲಿ ಅನೇಕರು ಸೂಜಿ ಚುಚ್ಚದವರನ್ನು ಡಾಕ್ಟರೇ ಅಲ್ಲವೆನ್ನುತ್ತಾರೆ. ಹೀಗೆ ಕೇಳಿ ಕೇಳಿ ಡಾಕ್ಟರರನ್ನು ಕೆಡಿಸಿದವರು ನಾವೂ ಹೌದು.

ಭಾಷೆಯ ತೊಡಕು

ಹೊರನಾಡಿನಲ್ಲಿರುವ ನಮಗೆ ಇನ್ನೊಂದು ಕಷ್ಟವಿದೆ. ವ್ಯವಹಾರಕ್ಕೆ ಸಾಕಾಗುವ ಮರಾಠಿ, ಹಿಂದಿ ನೋವಿಗೆ ಸಾಲುವುದಿಲ್ಲ. ಮೈಯಲ್ಲಿ ಬಲವಿಲ್ಲವೆಂದು ಹೇಳಲು ನಾನೊಮ್ಮೆ ಹಿಂದಿಯಲ್ಲಿ "ಸುಸ್ತಿ ಹೈ" ಎಂದೆ. ಅವರ ಕಿವಿಗೆ ಅದು ಸೋಮಾರಿತನವಾಗಿ ಕೇಳಿಸಿತು. ಬೆಳಿಗ್ಗೆ ಬೇಗ ಎದ್ದು ವ್ಯಾಯಾಮ ಮಾಡಲು ಹೇಳಿದರು! ಮರಾಠಿಯಲ್ಲಿ ದಣಿವಿಗೆ ಥಕವಾ ಎನ್ನಬೇಕು, ನಿಶ್ಶಕ್ತಿಗೆ ಅಶಕ್ತಪಣಾ. ನಾವು ಹೊಟ್ಟೆಯಲ್ಲಿ ಸಂಕಟ ಎನ್ನುತ್ತೇವೆ; ಅವರಿಗೆ ಸಂಕಟವೆಂದರೆ ವಿಪತ್ತು. ಓಕರಿಕೆ ಬಂದಂತಾದರೆ ಮಳಮಳ ಎನ್ನಿರಿ. ಕೈಕಾಲು ಜೋಮು ಹಿಡಿದರೆ ಮುಂಗ್ಯಾ ಯೇತಾತ್, ಎಂದರೆ ಇರುವೆ ಹರಿಯುತ್ತವೆ, ಎಂದು ಅವರ ನುಡಿ. ತಲೆ ಸುತ್ತಿದರೆ ಚಕ್ಕರ್.

ಇಷ್ಟಾದರೂ ಕೆಲವು ಮಾತುಗಳನ್ನು ಬೇರೆ ನುಡಿಯಲ್ಲಿ ಹೇಳಲು ಬಾಯಿ ಬರುವುದಿಲ್ಲ. ಹೆಂಗಸರಿಗಂತೂ ಇದು ಇನ್ನೂ ಕಷ್ಟ. ಕನ್ನಡ ಬಲ್ಲ ಡಾಕ್ಟರು ಸಿಕ್ಕರೆ ಭಾಗ್ಯ. ಸಿಗದಿದ್ದರೆ ಮೊದಲ ಭೇಟಿಗೆ ಭಾಷೆ ಬಲ್ಲವರೊಬ್ಬರನ್ನು ಕರೆದೊಯ್ಯಿರಿ. ಶಾಲೆಗೆ ಹೋಗುವ ಮಕ್ಕಳನ್ನು ದುಭಾಷಿಗಳನ್ನಾಗಿ ಮಾಡಬೇಡಿರಿ. ತಾಯಿ ತನ್ನ ಗುಟ್ಟಿನ ನೋವನ್ನು ಮಗನ ಮುಂದೆ ಹೇಳಲಾರಳು.

ನಮ್ಮದೇ ಹಣ, ನಮ್ಮದೇ ದವಾಖಾನೆ

ಗಿರಣಿಯ ಕಚೇರಿಯಲ್ಲಿ ಇ.ಎಸ್.ಐ. ಕಾಗದಗಳು ನನ್ನ ಕೈಯಿಂದಲೇ ಹೋಗುತ್ತವೆ. ಆದುದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುವೆ. ಈ ಯೋಜನೆ 1948ರ ಕಾಯ್ದೆಯಿಂದ ಹುಟ್ಟಿ, 1952ರ ಫೆಬ್ರವರಿ 24ರಂದು ಕಾನಪುರದಲ್ಲಿ ಉದ್ಘಾಟನೆಗೊಂಡಿತು. 2017ರ ಜನವರಿಯಿಂದ ತಿಂಗಳಿಗೆ 21,000 ರೂಪಾಯಿಯವರೆಗೆ ಪಗಾರವಿರುವವರನ್ನು ಇದರೊಳಗೆ ತಂದರು. 2019ರ ಜುಲೈಯಿಂದ ವಂತಿಗೆಯ ದರ ಪಗಾರದ ನೂರು ರೂಪಾಯಿಗೆ ನಮ್ಮಿಂದ 75 ಪೈಸೆ, ಮಾಲೀಕರಿಂದ 3 ರೂಪಾಯಿ 25 ಪೈಸೆ ಎಂದಾಯಿತು. ಇದಕ್ಕೆ ಪ್ರತಿಯಾಗಿ ನಮಗೂ ನಮ್ಮ ಆಶ್ರಿತರಿಗೂ ಚಿಕಿತ್ಸೆ ಉಂಟು. ಆರು ತಿಂಗಳ ಅವಧಿಯಲ್ಲಿ 78 ದಿನದ ವಂತಿಗೆ ಬಿದ್ದಿದ್ದರೆ, ಮುಂದೆ ಕಾಯಿಲೆ ಬಿದ್ದಾಗ ವರ್ಷಕ್ಕೆ 91 ದಿನದವರೆಗೆ ಪಗಾರದ ಶೇಕಡಾ 70 ಸಿಗುತ್ತದೆ. ಅದಕ್ಕೆ ಈ ಯೋಜನೆಯ ಡಾಕ್ಟರ ಪ್ರಮಾಣಪತ್ರ ಬೇಕು.

ಎಷ್ಟೋ ಜನ ತಮ್ಮ ಹೆಸರು ಯಾವ ದವಾಖಾನೆಗೆ ಹಚ್ಚಿದೆ ಎಂಬುದನ್ನೇ ಅರಿಯರು. ಐದು ವರ್ಷದ ಹಿಂದೆ ಬಿಟ್ಟ ಚಾಳಿನ ಬಳಿಯ ದವಾಖಾನೆಯೇ ದಾಖಲೆಯಲ್ಲಿ ಉಳಿದಿರುತ್ತದೆ. ಮನೆ ಬದಲಿಸಿದರೆ ದವಾಖಾನೆಯನ್ನೂ ಬದಲಿಸಿಕೊಳ್ಳಬಹುದು. ಹೆಂಡತಿ ಮಕ್ಕಳ, ತಂದೆತಾಯಿಗಳ ಹೆಸರು ಸೇರಿದೆಯೇ ಎಂದು ಇಂದೇ ಕಚೇರಿಯಲ್ಲಿ ವಿಚಾರಿಸಿರಿ. ಕಾಕಾನ ಹೆಸರಿಗೂ ಇಂಥದೊಂದು ದವಾಖಾನೆ ಇತ್ತು. ಅವರು ಅದರ ಮೆಟ್ಟಿಲು ಹತ್ತಿರಲಿಲ್ಲ. ಅದನ್ನು ಅವರಿಗೆ ತಿಳಿಸಿ ಹೇಳಬೇಕೆಂದು ಕಾಗದ ಬರೆಯುವ ನನಗೂ ಹೊಳೆದಿರಲಿಲ್ಲ. ಈ ಲೇಖನಕ್ಕೆ ಅದೇ ಕಾರಣ.

ಈ ಯೋಜನೆಯೊಳಗೆ ಬಾರದವರು ಹೆದರಬೇಕಾಗಿಲ್ಲ. 30 ವರ್ಷ ದಾಟಿದವರ ರಕ್ತದೊತ್ತಡ, ಸಕ್ಕರೆ ನೋಡುವುದು, ಬಾಯಿಯ ಕ್ಯಾನ್ಸರಿನ ಗುರುತು ಹುಡುಕುವುದು, ಹೆಂಗಸರಿಗೆ ಸ್ತನ ಮತ್ತು ಗರ್ಭಕೋಶದ ಬಾಯಿಯ ತಪಾಸಣೆ ಮಾಡುವುದು ಸರಕಾರಿ ಆರೋಗ್ಯ ಕೇಂದ್ರಗಳ ಕಾರ್ಯಕ್ರಮದಲ್ಲಿಯೇ ಸೇರಿದೆ. ಗುಟಖಾ, ತಂಬಾಕು ಹಾಕುವವರು ಬಾಯಿ ತೋರಿಸಲು ನಾಚಬಾರದು.

ನಮ್ಮ ಪಾಲಿನ ಕರ್ತವ್ಯ

ಡಾಕ್ಟರು ಸಿಕ್ಕರೆ ಸಾಲದು. ಅವರಿಗೆ ನಾವೂ ಸಿಗಬೇಕು. ಒಂದು ಪ್ಲಾಸ್ಟಿಕ್ ಚೀಲದಲ್ಲಿ ಎಲ್ಲ ಚೀಟಿ, ರಿಪೋರ್ಟುಗಳನ್ನು ತಾರೀಖಿನ ಪ್ರಕಾರ ಇಡಿರಿ. ಅದು ಎಲ್ಲಿದೆಯೆಂಬುದು ಖೋಲಿಯ ಜೊತೆಗಾರರಿಗೆ ತಿಳಿದಿರಲಿ. ಊರ ಜಾತ್ರೆಗೆ ಹೋಗುವಾಗ ಆ ಚೀಲವೂ ಅಷ್ಟು ದಿನದ ಗುಳಿಗೆಯೂ ಜೊತೆಗಿರಲಿ. ಊರಿನಲ್ಲಿ ಮೈ ಹಗುರವಾಯಿತೆಂದು ಗುಳಿಗೆ ನಿಲ್ಲಿಸುವವರು ಬಹಳ. ಹಗುರವಾದದ್ದು ಗುಳಿಗೆಯಿಂದಲೇ ಇದ್ದೀತು. ಬೆಲೆ ಹೆಚ್ಚೆನಿಸಿದರೆ ಗುಟ್ಟಾಗಿ ನಿಲ್ಲಿಸದೆ ಡಾಕ್ಟರಿಗೆ ಹೇಳಿರಿ. ಅದೇ ಔಷಧ ಜನೌಷಧಿ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗಬಹುದು. ಮುಖ ಸೊಟ್ಟಗಾಗುವುದು, ಕೈ ಸೋಲುವುದು, ಮಾತು ತೊದಲುವುದು ಕಂಡರೆ ಮಾತ್ರ ಮನೆಯ ಡಾಕ್ಟರಿಗಾಗಿ ಕಾಯದೆ 108ಕ್ಕೆ ಫೋನು ಮಾಡಿ ದೊಡ್ಡ ಆಸ್ಪತ್ರೆಗೆ ಓಡಿರಿ. ಮೆದುಳಿನ ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ. ಯಾವ ಗಳಿಗೆಯಲ್ಲಿ ಆರಂಭವಾಯಿತೆಂಬುದನ್ನು ನೆನಪಿಡಿರಿ.

ವಾಚನಾಲಯದ ಮೇಜಿನ ಮೇಲೆ, ದಿನಪತ್ರಿಕೆಗಳ ಪಕ್ಕದಲ್ಲಿ, ಒಂದು ನೋಟುಬುಕ್ಕು ಇಟ್ಟಿದ್ದೇವೆ. ನಿಮಗೆ ಒಗ್ಗಿದ ಡಾಕ್ಟರು ಯಾರು, ಯಾವ ವೇಳೆಗೆ ಸಿಗುತ್ತಾರೆ, ಕನ್ನಡ ಬರುತ್ತದೆಯೇ ಎಂಬಿಷ್ಟನ್ನು ಅದರಲ್ಲಿ ಬರೆಯಿರಿ. ನಿಮ್ಮ ಕಾಯಿಲೆಯ ವಿಷಯ ಬೇಡ. ಹೊಸದಾಗಿ ಊರಿಂದ ಬಂದವರಿಗೆ ಅದು ದಾರಿ ತೋರಿಸೀತು.

ಹೋದ ತಿಂಗಳು ಕಾಕಾ ಫೋನು ಮಾಡಿದ್ದರು. ಊರಿನ ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಂಗಳಿಗೊಮ್ಮೆ ತಪ್ಪದೆ ಹೋಗುತ್ತಾರಂತೆ. "ಈ ಸಲ 134 ಬಂತು. ಚೀಟಿಯಲ್ಲಿ ಬರೆಸಿಕೊಂಡೆ" ಎಂದರು. ಆಮೇಲೆ ಕೇಳಿದರು: "ನೀ ಹೋಗ್ತೀಯೇನಪ್ಪ, ತಪ್ಪಿಸದೆ?"