ಹೊಗೆ ಕಾಣದ ಮೋಟಾರಿನ ಹೊಗೆ



ಕಪಿಲೆಯ ಕಾಲದಲ್ಲಿ ಎತ್ತಿಗೆ ಹುಲ್ಲು ಹಾಕಿದರೆ ನೀರು ಮೇಲೆ ಬರುತ್ತಿತ್ತು. ಆಮೇಲೆ ಬಂದ ಡೀಸೆಲ್ ಎಂಜಿನ್ನಿನ ಹೊಗೆ ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಈಗ ಕರೆಂಟಿನ ಮೋಟಾರು. "ಇದಕ್ಕೆ ಹೊಗೆಯೇ ಇಲ್ಲವಲ್ಲ, ಇದರಿಂದ ಗಾಳಿಗೇನು ಕೆಡುಕು?" ಎಂದು ಹಿರಿಯರೊಬ್ಬರು ಚಾವಡಿಯಲ್ಲಿ ನನ್ನನ್ನು ಕೇಳಿದರು. ಹೊಗೆ ಇದೆ, ಅದು ತಮ್ಮ ಹೊಲದಲ್ಲಿಲ್ಲ, ಕರೆಂಟು ತಯಾರಾಗುವ ಕಡೆ ಇದೆ.

ನಮ್ಮಲ್ಲಿ ಮೊದಲು ನೀರಿನಿಂದಲೇ ವಿದ್ಯುಚ್ಛಕ್ತಿ ತಯಾರಾಯಿತು: 1902ರಲ್ಲಿ ಶಿವನಸಮುದ್ರ, ಮುಂದೆ ಶರಾವತಿ. (ಲಿಂಗನಮಕ್ಕಿಯಲ್ಲಿ ಮುಳುಗಿದ ಊರುಗಳ ಕಷ್ಟ ಬೇರೆಯೇ ಕಥೆ; ಅದನ್ನು ಮರೆಯಬಾರದು.) ಬೇಡಿಕೆ ಬೆಳೆಯಿತು, ನೀರು ಸಾಲದಾಯಿತು. 1985ರಿಂದ ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲು ಉರಿಯತೊಡಗಿತು. 12 ಕಿಲೋ ಇಂಗಾಲ ಉರಿದರೆ 44 ಕಿಲೋ ಇಂಗಾಲಾಮ್ಲ ವಾಯು ಹುಟ್ಟುತ್ತದೆ. ಸೌದೆಯಲ್ಲಿರುವ ಇಂಗಾಲವನ್ನು ಮರ ಈಚೆಗೆ ಗಾಳಿಯಿಂದಲೇ ಪಡೆದದ್ದು. ಮತ್ತೆ ಗಿಡ ನೆಟ್ಟರೆ ಲೆಕ್ಕ ಸರಿಹೋಗುತ್ತದೆ. ಕಲ್ಲಿದ್ದಲಿನದು ಕೋಟ್ಯಂತರ ವರ್ಷ ನೆಲದಡಿ ಹೂತಿದ್ದದ್ದು. ಈ ವಾಯು ಭೂಮಿಗೆ ಕಂಬಳಿ ಹೊದಿಸಿದ ಹಾಗೆ ಶಾಖವನ್ನು ಹಿಡಿದಿಡುತ್ತದೆ. ಇನ್ನೂರೈವತ್ತು ವರ್ಷದ ಹಿಂದೆ ಗಾಳಿಯ 10 ಲಕ್ಷ ಪಾಲಿನಲ್ಲಿ ಇದು ಸುಮಾರು 280 ಪಾಲಿತ್ತು. ಈಗ 420 ದಾಟಿದೆ. ಬಿಸಿಲು ಏರಿದರೆ, ಮಳೆ ಹದ ತಪ್ಪಿದರೆ, ಮೊದಲು ಪೆಟ್ಟು ತಿನ್ನುವುದು ನಮ್ಮ ಪೈರು.

ಲೆಕ್ಕ ಹಾಕಿ ನೋಡಿ. 5 ಅಶ್ವಶಕ್ತಿಯ ಮೋಟಾರು 4 ಗಂಟೆ ಓಡಿದರೆ ಕಡಿಮೆಯೆಂದರೂ 15 ಯೂನಿಟ್ಟು. ಕಲ್ಲಿದ್ದಲಿನ ಕರೆಂಟಾದರೆ ಯೂನಿಟ್ಟಿಗೆ ಹೆಚ್ಚುಕಡಿಮೆ 1 ಕಿಲೋದಂತೆ ದಿನಕ್ಕೆ 15 ಕಿಲೋ ಇಂಗಾಲಾಮ್ಲ ವಾಯು. ಅದೇ ನೀರನ್ನು ಬಿಸಿಲಿನ ಕರೆಂಟಿನಿಂದ ಎತ್ತಿದರೆ ಓಡುವಾಗ ಹೊಗೆಯೇ ಇಲ್ಲ.

ಹಾಗಾದರೆ ಹಳ್ಳಿ ಮುಂದೆ ಬರಬಾರದೇ? ಬರಲೇಬೇಕು. ಹಿಟ್ಟಿನ ಗಿರಣಿ, ಟ್ರಾಕ್ಟರು, ಇಟ್ಟಿಗೆಯ ಮನೆ ಯಾರಿಗೆ ಬೇಡ? ಅಮೆರಿಕದಲ್ಲಿ ತಲೆಗೆ ವರ್ಷಕ್ಕೆ ಸುಮಾರು 14 ಟನ್ನು ಈ ವಾಯು ಹೊರಬೀಳುತ್ತದೆ, ನಮ್ಮ ದೇಶದಲ್ಲಿ ಸುಮಾರು 2 ಟನ್ನು. ಕತ್ತಲಲ್ಲಿ ಕೂತಿರಿ ಎಂದು ನಮಗೆ ಹೇಳುವ ಹಕ್ಕು ಯಾರಿಗೂ ಇಲ್ಲ. ಆದರೆ ಎಷ್ಟು ಕೆಲಸ, ಕೆಲಸಕ್ಕೆ ಎಷ್ಟು ಕರೆಂಟು, ಕರೆಂಟಿಗೆ ಎಷ್ಟು ಹೊಗೆ ಎಂಬ ಮೂರನ್ನು ಗುಣಿಸಿದರೆ ಒಟ್ಟು ಹೊಗೆ ಸಿಗುತ್ತದೆ. ಮೊದಲನೆಯದು ಬೆಳೆಯಲಿ, ಉಳಿದೆರಡನ್ನು ಇಳಿಸಬಹುದು. ಬ್ರಿಟನ್ನಿನಲ್ಲಿ 1990ರಿಂದೀಚೆಗೆ ಉತ್ಪನ್ನ ಅರ್ಧಕ್ಕಿಂತ ಹೆಚ್ಚು ಬೆಳೆದಿದೆ, ಹೊಗೆ ಸುಮಾರು ಅರ್ಧಕ್ಕೆ ಇಳಿದಿದೆ. ಕೆಲವು ಸಾಮಾನನ್ನು ಅವರು ಈಗ ಬೇರೆ ದೇಶದಲ್ಲಿ ಮಾಡಿಸಿಕೊಳ್ಳುತ್ತಾರೆ, ಆ ಹೊಗೆ ಅವರ ಲೆಕ್ಕಕ್ಕೆ ಬರುವುದಿಲ್ಲ ಎಂಬುದೂ ನಿಜ. ಆದರೂ ಅಲ್ಲಿನ ಕೊನೆಯ ಕಲ್ಲಿದ್ದಲು ವಿದ್ಯುತ್ ಕೇಂದ್ರ 2024ರ ಸೆಪ್ಟೆಂಬರಿನಲ್ಲಿ ಮುಚ್ಚಿತು.

ನಮ್ಮ ಪಾವಗಡದಲ್ಲಿ ರೈತರು ಗೇಣಿಗೆ ಕೊಟ್ಟ ಸುಮಾರು 13,000 ಎಕರೆ ಒಣಭೂಮಿಯಲ್ಲಿ 2,050 ಮೆಗಾವಾಟ್ ಬಿಸಿಲಿನ ಕರೆಂಟಿನ ಏರ್ಪಾಡಾಗಿದೆ. ಅದು ರಾತ್ರಿ ಹುಟ್ಟುವುದಿಲ್ಲ. ಆದ್ದರಿಂದ ಹಗಲು ಕರೆಂಟು ಸಿಕ್ಕಾಗ ಹಗಲಲ್ಲೇ ನೀರು ಹಾಯಿಸಿ; ಹಾವು ಚೇಳಿನ ಭಯವೂ ತಪ್ಪುತ್ತದೆ.

ಇನ್ನು ಮೋಟಾರು. 10 ಅಶ್ವಶಕ್ತಿಯವರೆಗೆ ಬಿಲ್ಲಿಲ್ಲದ್ದರಿಂದ ಯೂನಿಟ್ಟಿನ ಕಡೆ ಯಾರೂ ನೋಡುವುದಿಲ್ಲ. ನಾನೂ ನೋಡಿರಲಿಲ್ಲ. ನಮ್ಮ ಬಾವಿಯ ಮೋಟಾರಿಗೆ ಮೂರು ಸಲ ತಂತಿ ಸುತ್ತಿಸಿ, ಸೋರುವ ಫುಟ್ ವಾಲ್ವಿನಲ್ಲೇ ವರ್ಷಗಟ್ಟಲೆ ಓಡಿಸಿದೆವು. ತಾವು ಹಾಗೆ ಮಾಡಬೇಡಿ. 200 ಲೀಟರಿನ ಡ್ರಮ್ಮೊಂದನ್ನು ಕೊಳವೆಯ ಬಾಯಿಗೆ ಹಿಡಿದು, ತುಂಬಲು ಎಷ್ಟು ಸೆಕೆಂಡು ಬೇಕೆಂದು ಬರೆದಿಡಿ. ರಿಪೇರಿಯಾದ ಮೇಲೆ ಮತ್ತೊಮ್ಮೆ ಹಿಡಿದು ನೋಡಿ.