ಐಕಾನಿಗೆ ಬಣ್ಣ ಹಚ್ಚುವ ಮುನ್ನ

ಲಿಂಗರಾಜಪುರದ ಓದುಗರೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. ಅವರು ಸಿ.ವಿ. ರಾಮನ್ ನಗರದ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸದಲ್ಲಿದ್ದಾರೆ. ರಕ್ತ ಪರೀಕ್ಷೆ ಮಾಡುವ ಲ್ಯಾಬುಗಳಿಗೆಂದು ಅವರ ತಂಡ ಒಂದು ತಂತ್ರಾಂಶ ತಯಾರಿಸುತ್ತಿದೆ. ಅದರಲ್ಲಿ ಪ್ರತಿ ರೋಗಿಯ ಹೆಸರಿನ ಪಕ್ಕ ಒಂದು ದುಂಡು ಚುಕ್ಕಿ. ಎಲ್ಲ ಸರಿಯಿದ್ದರೆ ಹಸಿರು, ವರದಿ ಇನ್ನೂ ಬರಬೇಕಿದ್ದರೆ ಕಿತ್ತಳೆ, ಫಲಿತಾಂಶದಲ್ಲಿ ಏರುಪೇರಿದ್ದರೆ ಕೆಂಪು. ಪರೀಕ್ಷೆಗೆಂದು ಕೊಟ್ಟಾಗ ಹಿರಿಯ ವೈದ್ಯರೊಬ್ಬರು ನೋಡಿ, ‘ಎಲ್ಲಾ ಒಂದೇ ಥರ ಇದೆಯಲ್ಲಪ್ಪಾ’ ಎಂದರಂತೆ. ಕೆಂಪನ್ನು ಇನ್ನಷ್ಟು ಢಾಳಾಗಿಸೋಣ ಅಂತ ತಂಡದಲ್ಲಿ ಒಬ್ಬರು, ನೀಲಿ ನಂಬಿಕೆಯ ಬಣ್ಣ, ಅದನ್ನೇ ಹಾಕೋಣ ಅಂತ ಇನ್ನೊಬ್ಬರು. ‘ಐಕಾನುಗಳ ಬಣ್ಣ ಆರಿಸಲು ವಿಜ್ಞಾನ ಏನಾದರೂ ಹೇಳುತ್ತದೆಯೇ, ಅಥವಾ ಇದೆಲ್ಲ ಅವರವರ ರುಚಿಯೇ?’ ಎಂಬುದು ಪ್ರಶ್ನೆ.

ರುಚಿಗೂ ಜಾಗವಿದೆ, ಆದರೆ ಅದರ ಸರದಿ ಕೊನೆಗೆ. ಕಣ್ಣು ಏನನ್ನು ಹಿಡಿಯುತ್ತದೆ, ಏನನ್ನು ಬಿಟ್ಟುಬಿಡುತ್ತದೆ ಎಂಬ ಲೆಕ್ಕ ಅದಕ್ಕೂ ಮೊದಲು ಮುಗಿದಿರಬೇಕು. ಆ ಲೆಕ್ಕಕ್ಕೆ ಇನ್ನೂರು ವರ್ಷಗಳ ಇತಿಹಾಸವಿದೆ. ಅದರ ಒಂದು ಅಧ್ಯಾಯ ನಡೆದದ್ದು ನಮ್ಮ ಬೆಂಗಳೂರಿನಲ್ಲೇ, ಈ ಓದುಗರ ಕಚೇರಿಯಿರುವ ಬಡಾವಣೆ ಯಾರ ಹೆಸರನ್ನು ಹೊತ್ತಿದೆಯೋ ಅವರ ಕೈಯಲ್ಲಿ.

ರಾಮನ್ ಎಂದರೆ ನಮಗೆ ನೆನಪಾಗುವುದು 1928ರ ರಾಮನ್ ಪರಿಣಾಮ, 1930ರ ನೊಬೆಲ್. ಆದರೆ ಬದುಕಿನ ಕೊನೆಯ ವರ್ಷಗಳಲ್ಲಿ ಅವರನ್ನು ಹಿಡಿದಿಟ್ಟದ್ದು ಬಣ್ಣದ ಪ್ರಶ್ನೆ. 1948ರಲ್ಲಿ ತಾವೇ ಕಟ್ಟಿದ ಸಂಸ್ಥೆಯಲ್ಲಿ ಹೂವುಗಳನ್ನು ಪುಟ್ಟ ರೋಹಿತದರ್ಶಕಕ್ಕೆ ಹಿಡಿದು, ಯಾವ ಎಸಳು ಬೆಳಕಿನ ಯಾವ ಭಾಗವನ್ನು ನುಂಗುತ್ತದೆ, ಯಾವುದನ್ನು ಹೊರಬಿಡುತ್ತದೆ ಎಂದು ನೋಡುತ್ತಿದ್ದರು. ಹೂವಿನ ಬಣ್ಣ ಮತ್ತು ದೃಷ್ಟಿಯ ಬಗ್ಗೆ 1963ರಲ್ಲಿ ಬರೆದರು. 1968ರಲ್ಲಿ, ಎಂಬತ್ತರ ವಯಸ್ಸಿನಲ್ಲಿ, ‘ದಿ ಫಿಸಿಯಾಲಜಿ ಆಫ್ ವಿಷನ್’ ಎಂಬ ಪುಸ್ತಕ ಹೊರತಂದರು. ಅದರಲ್ಲಿ ಒಂದು ಸೊಗಸಾದ ಪ್ರಯೋಗವಿದೆ. ಬೆಳಗಿದ ಬಿಳಿ ಪರದೆಯನ್ನು ಬಣ್ಣದ ಫಿಲ್ಟರಿನ ಮೂಲಕ ಸ್ವಲ್ಪ ಹೊತ್ತು ದಿಟ್ಟಿಸಿ, ಫಿಲ್ಟರನ್ನು ಥಟ್ಟನೆ ಸರಿಸಬೇಕು. ಆಗ ನೋಡುವವನ ಸ್ವಂತ ರೆಟಿನಾದ ನಡುಭಾಗವೇ ದೊಡ್ಡದಾಗಿ ಪರದೆಯ ಮೇಲೆ ಕ್ಷಣಕಾಲ ಮೂಡುತ್ತದೆ ಎಂದರು ರಾಮನ್. ಉಪಕರಣವೂ ಕಣ್ಣೇ, ನೋಡುವ ವಸ್ತುವೂ ಕಣ್ಣೇ.

ಆದರೆ ಅವರ ಮುಖ್ಯ ವಾದವೊಂದು ನಿಲ್ಲಲಿಲ್ಲ. ಕಣ್ಣಿನಲ್ಲಿ ಬಣ್ಣಕ್ಕೆ ಸ್ಪಂದಿಸುವ ಮೂರು ಬಗೆಯ ಏರ್ಪಾಡುಗಳಿವೆ ಎಂದು ಇಂಗ್ಲೆಂಡಿನ ಥಾಮಸ್ ಯಂಗ್ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲೇ ಸೂಚಿಸಿದ್ದ, ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಅದನ್ನು ಬೆಳೆಸಿದ್ದ. ರಾಮನ್ ಅದನ್ನು ಒಪ್ಪಲೇ ಇಲ್ಲ. 1964ರಲ್ಲಿ ಅಮೆರಿಕದ ಎರಡು ತಂಡಗಳು ರೆಟಿನಾದ ಒಂದೊಂದೇ ಶಂಕುಕೋಶಕ್ಕೆ ಬೆಳಕು ಹಾಯಿಸಿ ಅಳೆದು, ಬಗೆಗಳು ಮೂರೇ ಎಂದು ತೋರಿಸಿದವು. ಅಂಥ ಒಂದು ತಂಡದಲ್ಲಿದ್ದ ಜಾರ್ಜ್ ವಾಲ್ಡ್ ದೃಷ್ಟಿಯ ರಸಾಯನದ ಮೇಲಿನ ಒಟ್ಟು ಕೆಲಸಕ್ಕೆ 1967ರ ನೊಬೆಲ್ ಹಂಚಿಕೊಂಡರು. ರಾಮನ್ನರ ಪುಸ್ತಕ ಬಂದದ್ದು ಅದರ ಮರುವರ್ಷ. ತಮ್ಮ ಕಣ್ಣಿಗೆ ಕಂಡದ್ದನ್ನು ಅವರು ಅಷ್ಟು ಗಾಢವಾಗಿ ನಂಬಿದ್ದರು. ಆ ಶ್ರದ್ಧೆಯ ಮುಂದೆ ನಾನು ತಲೆಬಾಗುತ್ತೇನೆ. ಆದರೆ ಬಣ್ಣದ ವಿಷಯದಲ್ಲಿ ಒಬ್ಬರ ಕಣ್ಣು, ಅದೆಷ್ಟೇ ಪಳಗಿದ್ದರೂ, ಎಲ್ಲರ ಪರವಾಗಿ ಮಾತಾಡಲಾರದು. ಐಕಾನಿಗೆ ಬಣ್ಣ ಹಚ್ಚುವವರು ದಿನವೂ ಎಡವುವುದು ಇಲ್ಲೇ.

ಈ ಮೂರು ಬಗೆಯ ಶಂಕುಗಳನ್ನು ಪಂಚಾಯಿತಿ ಕಟ್ಟೆಗೆ ಬಂದ ಮೂವರು ಸಾಕ್ಷಿಗಳೆಂದು ಭಾವಿಸಿ. ಕಟ್ಟೆಯ ಮೇಲೆ ಕೂತ ಹಿರಿಯರೇ ಮಿದುಳು. ನಡೆದದ್ದನ್ನು ಹಿರಿಯರು ಕಂಡಿಲ್ಲ, ಸಾಕ್ಷಿಗಳ ಮಾತಿನಿಂದಲೇ ತೀರ್ಮಾನಿಸಬೇಕು. ಒಬ್ಬ ಸಾಕ್ಷಿ ಊರಾಚೆ ನಿಂತಿದ್ದವನು, ಅವನು ಹೇಳುವುದೇ ಬೇರೆ. ಅವನು ನೀಲಿಯ ಶಂಕು, ಹೆಚ್ಚು ಸ್ಪಂದಿಸುವುದು ಸುಮಾರು 420 ನ್ಯಾನೋಮೀಟರ್ ಅಲೆಯುದ್ದದ ಬೆಳಕಿಗೆ. ಉಳಿದಿಬ್ಬರು ಅಕ್ಕಪಕ್ಕದಲ್ಲೇ ನಿಂತಿದ್ದವರು. ಒಬ್ಬ ಹಸಿರಿನ ಶಂಕು, ಅವನದು ಸುಮಾರು 530; ಇನ್ನೊಬ್ಬ ಕೆಂಪಿನ ಶಂಕು, ಅವನದು ಸುಮಾರು 560. ಇಬ್ಬರ ಹೇಳಿಕೆಯೂ ಹೆಚ್ಚುಕಡಿಮೆ ಒಂದೇ. ಹಿರಿಯರ ಜಾಣತನ ಇರುವುದು, ಈ ಇಬ್ಬರ ಮಾತಿನಲ್ಲಿರುವ ಕೂದಲೆಳೆಯ ವ್ಯತ್ಯಾಸವನ್ನು ಹಿಡಿಯುವುದರಲ್ಲಿ. ಟೊಮೆಟೊ ಹಣ್ಣಾಗಿದೆಯೋ ಕಾಯಿಯೋ, ದೀಪ ಕೆಂಪೋ ಹಸಿರೋ ಎಂಬ ತೀರ್ಪೆಲ್ಲ ಆ ಒಂದು ಎಳೆಯ ಮೇಲೆ ನಿಂತಿದೆ. ಈಗ ಈ ಇಬ್ಬರಲ್ಲಿ ಒಬ್ಬ ಬರಲೇ ಇಲ್ಲ ಎನ್ನಿ, ಅಥವಾ ಬಂದವನು ಪಕ್ಕದವನ ಮಾತನ್ನೇ ಒಪ್ಪಿಸಿದ ಎನ್ನಿ. ಹೋಲಿಸಲು ಏನೂ ಉಳಿಯದೆ ಹಿರಿಯರು ಕೆಂಪು ಹಸಿರನ್ನು ಒಂದೇ ಲೆಕ್ಕಕ್ಕೆ ಹಾಕುತ್ತಾರೆ. ಇದೇ ಬಣ್ಣಗುರುಡು. ನಮ್ಮ ವೈದ್ಯರು ಆ ತಂತ್ರಾಂಶದಲ್ಲಿ ಕಂಡದ್ದು ಬಹುಶಃ ಇದನ್ನೇ.

ಆ ಎರಡು ಶಂಕುಗಳ ಜೀನುಗಳು ಎಕ್ಸ್ ಕ್ರೋಮೋಸೋಮಿನ ಮೇಲೆ ಒಂದರ ಪಕ್ಕ ಒಂದಿವೆ. ಗಂಡಸರಿಗಿರುವುದು ಒಂದೇ ಎಕ್ಸ್, ಕೆಟ್ಟರೆ ಬದಲಿ ಪ್ರತಿ ಇಲ್ಲ. ಯುರೋಪ್ ಮೂಲದ ಗಂಡಸರಲ್ಲಿ ನೂರಕ್ಕೆ ಸುಮಾರು 8 ಮಂದಿಗೆ ಕೆಂಪು–ಹಸಿರಿನ ಗೊಂದಲ ಒಂದಲ್ಲ ಒಂದು ಮಟ್ಟದಲ್ಲಿ ಇರುತ್ತದೆ. ನಮ್ಮಲ್ಲಿ ಪ್ರಮಾಣ ಅದಕ್ಕಿಂತ ಕಡಿಮೆ, ಆದರೂ ಲಕ್ಷಾಂತರ ಜನ ಬಳಸುವ ಆ್ಯಪಿನಲ್ಲಿ ಅಂಥವರು ಸಾವಿರಗಟ್ಟಲೆ ಇದ್ದೇ ಇರುತ್ತಾರೆ. ತಮಗೆ ಹೀಗಿದೆ ಎಂದು ಗೊತ್ತೇ ಇಲ್ಲದವರೂ ಅವರಲ್ಲಿದ್ದಾರೆ. ಪರಮಾಣು ಸಿದ್ಧಾಂತದ ಜಾನ್ ಡಾಲ್ಟನ್‌ಗೆ ಅದು ಗೊತ್ತಾದದ್ದು ಇಪ್ಪತ್ತು ದಾಟಿದ ಮೇಲೆ, ಒಂದು ಜೆರೇನಿಯಂ ಹೂವಿನಿಂದ. ಹಗಲಲ್ಲಿ ನೀಲಿಯಾಗಿ ಕಂಡ ಅದೇ ಹೂವು ಮೇಣದ ಬತ್ತಿಯ ಬೆಳಕಲ್ಲಿ ಕೆಂಪಾಗಿ ಕಂಡಿತು. ಉಳಿದವರಿಗೆ ಹಾಗೆ ಕಾಣಲಿಲ್ಲ, ಅವನ ಅಣ್ಣನಿಗೆ ಕಂಡಿತು. 1794ರಲ್ಲಿ ಮ್ಯಾಂಚೆಸ್ಟರಿನಲ್ಲಿ ಅದರ ಬಗ್ಗೆ ಪ್ರಬಂಧ ಓದಿದ. ತನ್ನ ಕಣ್ಣಿನೊಳಗಿನ ದ್ರವ ನೀಲಿಯಾಗಿರಬೇಕು, ಸತ್ತ ಮೇಲೆ ಸೀಳಿ ನೋಡಿ ಎಂದ. 1844ರಲ್ಲಿ ನೋಡಿದರು, ದ್ರವ ತಿಳಿಯಾಗಿತ್ತು. ಉಳಿಸಿಟ್ಟಿದ್ದ ಕಣ್ಣಿನ ಚೂರಿನಿಂದ 1995ರಲ್ಲಿ ಡಿಎನ್‌ಎ ತೆಗೆದು ನೋಡಿದಾಗ ಹಸಿರು ಶಂಕಿನ ಜೀನೇ ಇರಲಿಲ್ಲ. ಅವನ ಎರಡನೆಯ ಸಾಕ್ಷಿ ಹುಟ್ಟಿನಿಂದಲೇ ಗೈರುಹಾಜರಿ.

ಗೊಂದಲ ಕೆಂಪು ಹಸಿರಿಗಷ್ಟೇ ನಿಲ್ಲುವುದಿಲ್ಲ ಎಂಬುದನ್ನು ವಿನ್ಯಾಸಕರು ಮರೆಯುತ್ತಾರೆ. ನೇರಳೆಯಲ್ಲಿರುವ ಕೆಂಪಿನ ಅಂಶ ಕಾಣದಿದ್ದರೆ ಉಳಿಯುವುದು ನೀಲಿ. ನಮ್ಮ ಮೆಟ್ರೊ ನಕ್ಷೆಯಲ್ಲಿ ನೇರಳೆ ಮಾರ್ಗಕ್ಕೆ ನೀಲಿ ಮಾರ್ಗ ಕೂಡುವ ಜಾಗ ಕೆ.ಆರ್.ಪುರ. ಇಂಥ ಕಣ್ಣಿನವರಿಗೆ ಅಲ್ಲಿ ಎರಡು ಗೆರೆಗಳ ನಡುವೆ ಬಣ್ಣದ ಗುರುತು ಬಹಳ ತೆಳುವಾಗಿಬಿಡುತ್ತದೆ, ಮಾರ್ಗದ ಹೆಸರನ್ನು ಗೆರೆಯ ಮೇಲೇ ಬರೆದರೆ ಮಾತ್ರ ದಾರಿ ಸಲೀಸು. ಬಣ್ಣಗುರುಡು ಸೌಮ್ಯ ಅಥವಾ ಮಧ್ಯಮ ಮಟ್ಟದಲ್ಲಿರುವವರೂ ಚಾಲನಾ ಪರವಾನಗಿ ಪಡೆಯಬಹುದು ಎಂದು ಕೇಂದ್ರ ಸರ್ಕಾರ 2020ರಲ್ಲಿ ನಿಯಮ ಬದಲಿಸಿತು. ರಸ್ತೆಯ ಸಿಗ್ನಲ್ಲಿನಲ್ಲಿ ಅವರಿಗೆ ಕಷ್ಟವಾಗದಿರುವುದಕ್ಕೆ ಒಂದು ಕಾರಣ, ಕೆಂಪು ದೀಪ ಮೇಲೆ, ಹಸಿರು ಕೆಳಗೆ ಎಂಬ ಸ್ಥಾನದ ಗುರುತು. ಓದುಗರ ತಂತ್ರಾಂಶದ ಚುಕ್ಕಿಗಳಿಗೆ ಆ ಅನುಕೂಲವೂ ಇಲ್ಲ: ಒಂದೇ ಆಕಾರ, ಒಂದೇ ಅಳತೆ, ಒಂದೇ ಜಾಗ.

ಐಕಾನ್ ಚಿಕ್ಕದು ಎಂಬುದರಿಂದ ಇನ್ನೊಂದು ತೊಡಕು ಹುಟ್ಟುತ್ತದೆ, ಮತ್ತು ಇದು ಎಲ್ಲರ ಕಣ್ಣಿಗೂ ಅನ್ವಯಿಸುವಂಥದ್ದು. ನಾವು ದಿಟ್ಟಿಸಿ ನೋಡುವಾಗ ಬಳಸುವ ರೆಟಿನಾದ ನಟ್ಟನಡುವಿನ ತುಣುಕಿನಲ್ಲಿ ನೀಲಿಯ ಶಂಕುಗಳೇ ಇಲ್ಲ, ಸುತ್ತಲೂ ಇರುವುದು ವಿರಳ. ಆದ್ದರಿಂದ ವಸ್ತು ಕಿರಿದಾದಷ್ಟೂ ನೀಲಿ–ಹಳದಿಯ ಭೇದ ಕರಗುತ್ತದೆ. ಗೋಡೆಯಷ್ಟಗಲ ಹಚ್ಚಿದಾಗ ಸ್ಪಷ್ಟವಾಗಿ ಕಾಣುವ ಕಡುನೀಲಿ, ಫೋನಿನ ತೆರೆಯ ಮೇಲೆ ಕೂದಲಿನಷ್ಟು ತೆಳು ಗೆರೆಯಾದಾಗ ಕಪ್ಪಿನಂತೆ ಕಾಣುತ್ತದೆ. ಬಿಳಿಯ ಮೇಲಿನ ಹಳದಿ ಗೆರೆ ಕಾಣದಂತೆಯೇ ಆಗುತ್ತದೆ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟಿ ನೀಲಿ ಬೆಳಕನ್ನು ತಡೆಯುವುದು ಇದರ ಮೇಲೆ ಬೇರೆ.

ಇಷ್ಟೆಲ್ಲ ಸೋರಿಹೋದ ಮೇಲೆ ಎಲ್ಲ ಕಣ್ಣುಗಳಲ್ಲೂ ಉಳಿಯುವುದು ಒಂದೇ, ಬೆಳಕು–ಕತ್ತಲಿನ ವ್ಯತ್ಯಾಸ. ಅದನ್ನು ಅಳೆಯಬಹುದು. ತೆರೆಯ ಕೆಂಪು, ಹಸಿರು, ನೀಲಿಗಳು ಕಣ್ಣಿಗೆ ತೋರುವ ಪ್ರಖರತೆ ಸಮವಲ್ಲ. ಬಿಳಿಯನ್ನು 1 ಎಂದುಕೊಂಡರೆ ಹಸಿರಿನ ಪಾಲು 0.7152, ಕೆಂಪಿನದು 0.2126, ನೀಲಿಯದು ಬರೀ 0.0722. ಇದನ್ನು ಆಧರಿಸಿ ಎರಡು ಬಣ್ಣಗಳ ನಡುವಿನ ಕಾಂಟ್ರಾಸ್ಟ್ ಅನ್ನು 1ರಿಂದ 21ರವರೆಗಿನ ಸಂಖ್ಯೆಯಾಗಿ ಹೇಳುತ್ತಾರೆ. ಬಿಳಿಯ ಮೇಲೆ ಕಪ್ಪು 21. ಜಾಲತಾಣಗಳ ಅಂತರರಾಷ್ಟ್ರೀಯ ಮಾರ್ಗಸೂಚಿ ಸಾಮಾನ್ಯ ಅಕ್ಷರಗಳಿಗೆ ಕನಿಷ್ಠ 4.5 ಕೇಳುತ್ತದೆ. 2018ರ ಆವೃತ್ತಿಯಿಂದ ಐಕಾನುಗಳಿಗೂ ಕನಿಷ್ಠ 3 ಇರಬೇಕು. ಶುದ್ಧ ಹಳದಿ ಬಿಳಿಯ ಮೇಲೆ 1.07ರಲ್ಲಿ ನಪಾಸು. ಪೂರ್ಣ ಪ್ರಖರತೆಯ ಹಸಿರಿಗೂ 1.37 ಅಷ್ಟೇ. ಕೆಂಪು 4 ತಲುಪುತ್ತದೆ. ಇನ್ನು ಓದುಗರ ತಂಡ ಬಳಸಿರುವಂಥ ಕೆಂಪು ಮತ್ತು ಕಡುಹಸಿರು ಚುಕ್ಕಿಗಳನ್ನು ಒಂದಕ್ಕೊಂದು ಹೋಲಿಸಿ ಲೆಕ್ಕ ಹಾಕಿದೆ. ಸಿಕ್ಕಿದ್ದು ಸುಮಾರು 1.3. ಬಣ್ಣ ತೆಗೆದುಬಿಟ್ಟರೆ ಎರಡೂ ಒಂದೇ ಬೂದು. ಕೆಂಪನ್ನು ಢಾಳಾಗಿಸುವುದರಿಂದ ಇದು ಸರಿಹೋಗುವುದಿಲ್ಲ.

ಬಣ್ಣದ ಹಂಗಿಲ್ಲದೆ ಐಕಾನ್ ನಿಲ್ಲಬಲ್ಲದೇ ಎಂದು ಅನುಮಾನ ಬೇಡ, ಹುಟ್ಟಿದ್ದೇ ಹಾಗೆ. 1984ರ ಮ್ಯಾಕಿಂಟಾಷ್ ಕಂಪ್ಯೂಟರಿಗೆ ಸೂಸನ್ ಕೇರ್ ಬಿಡಿಸಿದ ಚಿತ್ರಗಳು 32 ಅಡ್ಡ, 32 ಉದ್ದದ ಚೌಕಗಳಲ್ಲಿ ಬರೀ ಕಪ್ಪು ಬಿಳುಪು. ಅವರ ಕಸದ ಬುಟ್ಟಿ ಇವತ್ತಿಗೂ ಕಸದ ಬುಟ್ಟಿಯಾಗಿಯೇ ಕಾಣುತ್ತದೆ. ಆದರೆ ಅದಕ್ಕಿಂತ ದೊಡ್ಡ ಪರೀಕ್ಷೆ ಗೆದ್ದ ಯಂತ್ರ ನಮ್ಮಲ್ಲೇ ಇದೆ: ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್ ತಯಾರಿಸುವ ಮತಯಂತ್ರ. ಅದರ ಮುಖವನ್ನು ಹತ್ತಿರದಿಂದ ನೋಡಿ. ಪ್ರತಿ ಸಾಲಿನಲ್ಲಿ ಅಭ್ಯರ್ಥಿಯ ಹೆಸರು, ದಪ್ಪ ಕಪ್ಪು ಗೆರೆಯ ಚಿಹ್ನೆ, ಕೊನೆಗೆ ನೀಲಿ ಗುಂಡಿ. ಗುಂಡಿ ಒತ್ತಿದರೆ ಆ ಸಾಲಿನಲ್ಲೇ ಕೆಂಪು ದೀಪ ಹತ್ತುತ್ತದೆ, ಜೊತೆಗೆ ಬೀಪ್ ಸದ್ದು. ಗುಂಡಿಯ ಪಕ್ಕ ಬ್ರೈಲ್ ಅಂಕಿ. ನೀಲಿಯನ್ನು ನೀಲಿಯೆಂದು ಗುರುತಿಸದಿದ್ದರೂ ಮತ ತಪ್ಪುವುದಿಲ್ಲ, ಕೆಂಪು ಕಾಣದಿದ್ದರೂ ದೀಪ ಹತ್ತಿದ ಜಾಗ ಕಾಣುತ್ತದೆ, ಅದೂ ಕಾಣದಿದ್ದರೆ ಸದ್ದು ಕೇಳುತ್ತದೆ. ಓದು ಬಾರದವರಿಗಾಗಿ ಚುನಾವಣಾ ಆಯೋಗ ಮೊದಲ ಮಹಾಚುನಾವಣೆಯಿಂದಲೇ ನಡೆಸಿಕೊಂಡು ಬಂದ ಚಿಹ್ನೆಗಳ ಪದ್ಧತಿ ಪ್ರಪಂಚದ ಅತಿ ದೊಡ್ಡ ಐಕಾನ್ ಪ್ರಯೋಗ ಎಂದರೆ ಉತ್ಪ್ರೇಕ್ಷೆಯಲ್ಲ. ನಮ್ಮ ವಿನ್ಯಾಸ ಶಾಲೆಗಳಲ್ಲಿ ಇದನ್ನು ಮೊದಲ ಪಾಠವಾಗಿ ಕಲಿಸಬೇಕೆಂಬುದು ನನ್ನ ಆಸೆ.

ಬಣ್ಣದ ಹೆಸರಲ್ಲಿ ಹಬ್ಬಿರುವ ಹುಸಿಮಾತೂ ಬಹಳ. ನೀಲಿ ನಂಬಿಕೆ ತರುತ್ತದೆ, ಕೆಂಪು ಕೊಳ್ಳುವಂತೆ ಮಾಡುತ್ತದೆ ಎಂದು ಸಾರುವ ಪಟ್ಟಿಗಳ ಹಿಂದೆ ಗಟ್ಟಿ ಪುರಾವೆ ತೀರಾ ಕಡಿಮೆ. ಫೇಸ್‌ಬುಕ್ ನೀಲಿಯಾಗಿರುವುದಕ್ಕೆ ಅದರ ಸ್ಥಾಪಕ ಜುಕರ್‌ಬರ್ಗ್ 2010ರಲ್ಲಿ ಕೊಟ್ಟ ಕಾರಣದಲ್ಲಿ ಮನಶ್ಶಾಸ್ತ್ರ ಇರಲಿಲ್ಲ. ತನಗೆ ಕೆಂಪು–ಹಸಿರು ಸರಿಯಾಗಿ ಕಾಣುವುದಿಲ್ಲ, ಚೆನ್ನಾಗಿ ಕಾಣುವುದು ನೀಲಿ ಎಂದಿದ್ದ. ಗೂಗಲ್ 41 ಬಗೆಯ ನೀಲಿಗಳನ್ನು ಪರೀಕ್ಷೆಗಿಟ್ಟ ಸಂಗತಿಯನ್ನು 2009ರಲ್ಲಿ ಕೆಲಸ ಬಿಟ್ಟುಹೋಗುವಾಗ ಅದರ ವಿನ್ಯಾಸಕ ಡಗ್ಲಸ್ ಬೋಮನ್ ಬರೆದರು. ಅದೇ ಗೂಗಲ್ 2020ರಲ್ಲಿ ತನ್ನ ಮೇಲ್, ಕ್ಯಾಲೆಂಡರ್, ಡ್ರೈವ್, ಮೀಟ್‌ಗಳ ಐಕಾನುಗಳಿಗೆಲ್ಲ ತನ್ನ ಬ್ರಾಂಡಿನ ಬಣ್ಣಗಳನ್ನೇ ಹಂಚಿದಾಗ, ಯಾವುದು ಯಾವುದೆಂದು ತಿಳಿಯುತ್ತಿಲ್ಲವೆಂದು ಬಳಕೆದಾರರು ದೂರಿದರು. ಬಣ್ಣ ಎಲ್ಲದರಲ್ಲೂ ಒಂದೇ ಇದ್ದರೆ ಅದು ಸುದ್ದಿ ಹೇಳುವುದಿಲ್ಲ.

ಈಗ ಓದುಗರ ಮೂರು ಚುಕ್ಕಿಗಳಿಗೆ ಬರೋಣ. ಮೊದಲು ಆಕಾರ ಬೇರೆ ಮಾಡಿ. ಏರುಪೇರಿಗೆ ಆಶ್ಚರ್ಯಸೂಚಕವಿರುವ ತ್ರಿಕೋನ, ಬಾಕಿಗೆ ಗಡಿಯಾರ, ಸರಿಯಿರುವುದಕ್ಕೆ ಟಿಕ್. ಅವನ್ನು ಕಪ್ಪಿನಲ್ಲೇ ಬಿಡಿಸಿ, ಬಳಸುವ ಅಳತೆಗೇ ಇಳಿಸಿ ನೋಡಿ. ಜಪಾನಿನ ಮಸತಾಕ ಒಕಾಬೆ ಮತ್ತು ಕೆಯ್ ಇಟೊ ಎಂಬ ವಿಜ್ಞಾನಿಗಳು ಎಲ್ಲ ಬಗೆಯ ಕಣ್ಣುಗಳಿಗೂ ಆದಷ್ಟು ಬೇರೆಬೇರೆಯಾಗಿ ಕಾಣುವ ಒಂದು ಬಣ್ಣಗಳ ಗುಂಪನ್ನು ಆರಿಸಿಕೊಟ್ಟಿದ್ದಾರೆ, ಅದರಿಂದ ಆರಿಸಿಕೊಳ್ಳಬಹುದು. ಅದರ ಕಿತ್ತಳೆಗೆಂಪು (213, 94, 0) ಬಿಳಿಯ ಮೇಲೆ 3.9 ಕೊಡುತ್ತದೆ, ನೀಲಿ (0, 114, 178) 5.2, ನೀಲಿ ಬೆರೆತ ಹಸಿರು (0, 158, 115) 3.4. ಅದೇ ಗುಂಪಿನ ಕಿತ್ತಳೆ (230, 159, 0) ಮಾತ್ರ 2.3ಕ್ಕೇ ನಿಲ್ಲುತ್ತದೆ, ಬಿಳಿ ಹಿನ್ನೆಲೆಯಲ್ಲಿ ಬಳಸುವುದಾದರೆ ಸುತ್ತ ಕಪ್ಪು ಅಂಚು ಬೇಕು. ಏರುಪೇರಿಗೆ ಕಿತ್ತಳೆಗೆಂಪು, ಸರಿಯಿರುವುದಕ್ಕೆ ನೀಲಿ ಇಟ್ಟರೆ ಆ ವೈದ್ಯರ ಕಣ್ಣಿಗೂ ಎರಡು ಬಣ್ಣ ಎರಡಾಗಿ ಕಾಣುತ್ತವೆ. ಕಪ್ಪು ಹಿನ್ನೆಲೆಯ ಡಾರ್ಕ್ ಮೋಡ್ ಇದ್ದರೆ ಈ ಲೆಕ್ಕವನ್ನೆಲ್ಲ ಮತ್ತೆ ಹಾಕಬೇಕು, ಅಲ್ಲಿ ಕಿತ್ತಳೆ ಗೆಲ್ಲುತ್ತದೆ, ಕಡುನೀಲಿ ಸೋಲುತ್ತದೆ. ಪರೀಕ್ಷೆಗೆ ಖರ್ಚಿಲ್ಲ: ಆಂಡ್ರಾಯ್ಡ್ ಫೋನಿನ ಡೆವಲಪರ್ ಆಯ್ಕೆಗಳಲ್ಲಿ ಬಣ್ಣಗುರುಡಿನ ನೋಟವನ್ನೂ ಬರೀ ಬೂದು ನೋಟವನ್ನೂ ಅನುಕರಿಸುವ ಸೌಲಭ್ಯವಿದೆ, ಕ್ರೋಮ್ ಬ್ರೌಸರಿನಲ್ಲೂ ಇದೆ. ಅದಾದ ಮೇಲೆ ತಂತ್ರಾಂಶವನ್ನು ಮತ್ತೊಮ್ಮೆ ಆ ಹಿರಿಯ ವೈದ್ಯರ ಕೈಗೇ ಕೊಡಿ.