ಹಡಗಿಗೆ ಗ್ಯಾಸ್ ಹಾಕುವುದು ಮತ್ತು ನಮ್ಮ ಅಂಗಡಿಯ ಮಾತ್ರೆ

ರಜೆಯಲ್ಲಿ ಒಂದು ದಿನ ಮಾಮುವಿಗೆ ಊಟದ ಡಬ್ಬಿ ಕೊಡಲು ಪಣಂಬೂರಿಗೆ ಹೋಗಿದ್ದೆ. ಅವರು ಅಲ್ಲಿ ಒಬ್ಬ ಕ್ಲಿಯರಿಂಗ್ ಏಜೆಂಟರ ಆಫೀಸಿನಲ್ಲಿ ಕ್ಲರ್ಕ್. ಮೇಜಿನ ಮೇಲೆ ಬಿಲ್ ಆಫ್ ಲೇಡಿಂಗ್, ಇನ್‌ವಾಯ್ಸ್ ಎಲ್ಲ ಹರಡಿತ್ತು. ಬಿಸಿನೆಸ್ ಸ್ಟಡೀಸ್ ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಹೆಸರುಗಳನ್ನು ಕಣ್ಣಾರೆ ನೋಡಿ ಖುಷಿಯಾಯಿತು. ಒಂದು ಕಾಗದ ಮಾತ್ರ ನನಗೆ ಹೊಸದು: ಫ್ಯೂಮಿಗೇಷನ್ ಸರ್ಟಿಫಿಕೇಟ್. ಯಾವ ಅನಿಲ, ಒಂದು ಘನ ಮೀಟರಿಗೆ ಎಷ್ಟು ಗ್ರಾಂ, ಎಷ್ಟು ಗಂಟೆ ಎಂದು ಅದರಲ್ಲಿ ಬರೆದಿತ್ತು. "ಇದಿಲ್ಲದಿದ್ದರೆ ಸರಕು ಇಲ್ಲೇ ಬಿದ್ದಿರುತ್ತೆ ಬೇಟಾ" ಎಂದರು ಮಾಮು. ಈ ಕಾಗದದ ಹಿಂದೆ ಏನಿದೆ ಎಂದು ಹುಡುಕಲು ಹೊರಟವನು ಕೊನೆಗೆ ನಮ್ಮ ಅಂಗಡಿಯ ಗೋಡೌನಿಗೇ ಬಂದು ನಿಂತೆ.

ಗ್ಯಾಸ್ ಹಾಕುವುದು ಹುಳ ಸಾಯಿಸಲು. ಧಾನ್ಯ, ಮರದ ದಿಮ್ಮಿ, ಪ್ಯಾಕಿಂಗಿನ ಹಲಗೆ, ಯಾವುದರಲ್ಲಾದರೂ ಹುಳ ಕುಳಿತು ಒಂದು ದೇಶದಿಂದ ಇನ್ನೊಂದಕ್ಕೆ ಹೋಗುತ್ತದೆ. ಅಂಥವುಗಳಲ್ಲಿ ಬಹಳ ಕುಖ್ಯಾತವಾದದ್ದು ಖಪ್ರಾ ಹುಳ. ಖಪ್ರಾ ಎಂದರೆ ನಮ್ಮ ಉರ್ದುವಿನಲ್ಲಿ ಹೆಂಚು. ನಮ್ಮ ಮನೆಮಾತಿನ ಈ ಶಬ್ದವನ್ನು ಅಮೆರಿಕದ ಬಂದರು ಅಧಿಕಾರಿಗಳೂ ಬಳಸುತ್ತಾರೆ ಎಂದು ತಿಳಿದು ನಗು ಬಂತು. ಬೆಳೆದ ದುಂಬಿಯ ಉದ್ದ 2-3 ಮಿಲಿಮೀಟರ್ ಅಷ್ಟೇ. ಆದರೆ ಅದರ ಮರಿ ಗೋಡೆಯ ಬಿರುಕಿನಲ್ಲಿ ಅಡಗಿ, ಆಹಾರವಿಲ್ಲದೆ ವರ್ಷಗಟ್ಟಲೆ ಬದುಕಬಲ್ಲದು. 1953ರಲ್ಲಿ ಕ್ಯಾಲಿಫೋರ್ನಿಯಾದ ಗೋದಾಮುಗಳಲ್ಲಿ ಇದು ಪತ್ತೆಯಾದಾಗ ಇಡೀ ಕಟ್ಟಡಗಳಿಗೇ ಟಾರ್ಪಾಲು ಹೊದಿಸಿ ಒಳಗೆ ವಿಷಾನಿಲ ಬಿಟ್ಟರು. ಅದನ್ನು ಪೂರ್ತಿ ತೊಲಗಿಸಲು ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಹುಳ ಹಡಗಿನಲ್ಲೇ ಸತ್ತರೆ ಎಷ್ಟು ಲಾಭ ಎಂದು ಕಾಮರ್ಸ್‌ನವರಿಗೆ ಬಿಡಿಸಿ ಹೇಳಬೇಕಿಲ್ಲ.

ಬಳಸುವುದು ಮುಖ್ಯವಾಗಿ ಎರಡು ಅನಿಲ. ಒಂದು ಮಿಥೈಲ್ ಬ್ರೋಮೈಡ್. ಇದು ಒಂದೆರಡು ದಿನದಲ್ಲಿ ಕೆಲಸ ಮುಗಿಸುತ್ತದೆ, ಆದರೆ ಓಜೋನ್ ಪದರಕ್ಕೆ ಹಾನಿ. ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಇದರ ಬೇರೆ ಬಳಕೆಗಳು ನಿಂತಿವೆ. ಕ್ವಾರಂಟೈನ್ ಕೆಲಸಕ್ಕೆ ವಿನಾಯಿತಿ ಇದೆ. ಹಡಗು ಚಲಿಸುತ್ತಿರುವಾಗ ಇದನ್ನು ಬಳಸುವಂತಿಲ್ಲ.

ಇನ್ನೊಂದು ಫಾಸ್ಫೀನ್. ಅಲ್ಯೂಮಿನಿಯಂ ಫಾಸ್ಫೈಡ್ ಎಂಬ ಮಾತ್ರೆ ಅಥವಾ ಪುಡಿಗೆ ಗಾಳಿಯ ತೇವ ತಗುಲಿದರೆ ಈ ಅನಿಲ ನಿಧಾನವಾಗಿ ಹೊರಬರುತ್ತದೆ. ಹುಳ ಸಾಯಲು ಹಲವು ದಿನ ಬೇಕು. ಅಷ್ಟು ದಿನ ಹಡಗು ಬಂದರಿನಲ್ಲಿ ನಿಂತರೆ ಖರ್ಚು ಯಾರು ಕೊಡುತ್ತಾರೆ? ಅದಕ್ಕೇ ಧಾನ್ಯ ತುಂಬಿ, ಮಾತ್ರೆಗಳ ಬಟ್ಟೆಚೀಲಗಳನ್ನು ಒಳಗಿಟ್ಟು, ಮುಚ್ಚಳ ಬಿಗಿದು ಹಡಗನ್ನು ಕಳಿಸಿಬಿಡುತ್ತಾರೆ. ಅಂದರೆ ನಾವಿಕರು ವಿಷಾನಿಲದ ಕೋಣೆಯ ಪಕ್ಕದಲ್ಲೇ ಉಂಡು, ಮಲಗಿ, ಸಮುದ್ರ ದಾಟಬೇಕು.

ಇದಕ್ಕೆ ಅಂತರರಾಷ್ಟ್ರೀಯ ಕಡಲಯಾನ ಸಂಸ್ಥೆ 2008ರಲ್ಲಿ ವಿವರವಾದ ಮಾರ್ಗಸೂಚಿ ಕೊಟ್ಟಿದೆ. ಸರಕು ತುಂಬುವ ಮೊದಲೇ ಆ ಕೋಣೆಯಿಂದ ಅನಿಲ ಸೋರುವ ಸಂದಿಗಳಿವೆಯೇ ಎಂದು ಪರೀಕ್ಷಿಸಬೇಕು. ತರಬೇತಿ ಪಡೆದವರೇ ಮಾತ್ರೆ ಇಡಬೇಕು. ಬಾಗಿಲುಗಳ ಮೇಲೆ ಎಚ್ಚರಿಕೆಯ ಫಲಕ ಇರಬೇಕು. ಹಡಗಿನಲ್ಲಿ ಅನಿಲ ಅಳೆಯುವ ಮೀಟರ್ ಮತ್ತು ಉಸಿರಾಟದ ರಕ್ಷಣಾ ಸಾಧನ ಇರಬೇಕು. ನಾವಿಕರ ಕೋಣೆ, ಎಂಜಿನ್ ಕೋಣೆಗಳಲ್ಲಿ ಕನಿಷ್ಠ 8 ಗಂಟೆಗೊಮ್ಮೆ ಅಳೆದು ಬರೆದಿಡಬೇಕು. ಇದರಲ್ಲಿ ನನಗೆ ಮುಖ್ಯ ಎನಿಸಿದ್ದು ಮೀಟರ್. ಫಾಸ್ಫೀನ್‌ಗೆ ಬಣ್ಣವಿಲ್ಲ. ಬೆಳ್ಳುಳ್ಳಿಯದೋ ಕೊಳೆತ ಮೀನಿನದೋ ವಾಸನೆ ಬರುತ್ತದೆ ಎನ್ನುತ್ತಾರೆ. ಆದರೆ ಆ ವಾಸನೆ ಅದರಲ್ಲಿ ಬೆರೆತ ಬೇರೆ ವಸ್ತುಗಳದ್ದು, ಶುದ್ಧ ಫಾಸ್ಫೀನ್‌ಗೆ ವಾಸನೆಯೇ ಇಲ್ಲ. ಅದೂ ಅಲ್ಲದೆ ನಮ್ಮ ಕರಾವಳಿಯಲ್ಲಿ ಮೀನಿನ ವಾಸನೆ ಬಂತೆಂದು ಯಾರು ಗಾಬರಿಯಾಗುತ್ತಾರೆ?

ನಿಯಮವಿದ್ದೂ ತಪ್ಪಾಗುವುದು ಹೇಗೆ ಎಂಬುದಕ್ಕೆ 2012ರ ಡಿಸೆಂಬರಿನ ಒಂದು ಘಟನೆ ಸಾಕು. 'ಆರ್ಕ್ಲೋ ಮೆಡೋ' ಎಂಬ ಹಡಗು ಉತ್ತರ ಐರ್ಲೆಂಡಿನ ವಾರನ್‌ಪಾಯಿಂಟ್ ಬಂದರಿನಲ್ಲಿ ಮೆಕ್ಕೆಜೋಳ ಇಳಿಸುತ್ತಿತ್ತು. ಪ್ರಯಾಣ ಮುಗಿದಿತ್ತು, ಗ್ಯಾಸಿನ ಕೆಲಸವೂ ಮುಗಿದಿದೆ ಎಂದೇ ಎಲ್ಲರ ಲೆಕ್ಕ. ಆದರೆ ಉಳಿದಿದ್ದ ಮಾತ್ರೆಯ ಶೇಷದಿಂದ ಮತ್ತೆ ಫಾಸ್ಫೀನ್ ಬರತೊಡಗಿತು. ನಾವಿಕರನ್ನು ಹಡಗಿನಿಂದ ಇಳಿಸಿದರು, ಸುತ್ತಲಿನ ಜನರಿಗೆ ಮನೆಯೊಳಗೇ ಇರುವಂತೆ ಹೇಳಿದರು. ಸರಕು ತಣ್ಣಗೆ, ಒಣಗಿ ಇದ್ದರೆ ಮಾತ್ರೆ ಪೂರ್ತಿ ಕರಗುವುದಿಲ್ಲ. ಇಷ್ಟು ದಿನವಾಯಿತು, ಮುಗಿದಿರಬೇಕು ಎಂಬ ಅಂದಾಜು ಇಲ್ಲಿ ನಡೆಯುವುದಿಲ್ಲ.

ಇದನ್ನು ಓದುವಾಗಲೇ ನನ್ನ ಎದೆ ಧಸಕ್ಕೆಂದಿತು. ನಮ್ಮದು ದಿನಸಿ ಅಂಗಡಿ, ಹಿಂದೆಯೇ ಮನೆ. ಅಕ್ಕಿಗೆ ಹುಳ ಹಿಡಿಯಬಾರದೆಂದು ಅಬ್ಬಾ ಯಾರಿಂದಲೋ ಮಾತ್ರೆಯ ಡಬ್ಬಿ ತಂದು ಗೋಡೌನಿನಲ್ಲಿ ಇಟ್ಟಿದ್ದರು. ಲೇಬಲ್ ನೋಡಿದೆ: ಅಲ್ಯೂಮಿನಿಯಂ ಫಾಸ್ಫೈಡ್. ಗೋಡೌನಿಗೂ ನಾನು ಮತ್ತು ತಮ್ಮ ಮಲಗುವ ಕೋಣೆಗೂ ಒಂದೇ ಗೋಡೆ. ಮೇಲೆ ಜಾಲರಿಯ ಕಿಂಡಿ.

ಸೈನ್ಸ್ ಸೆಕ್ಷನ್ನಿನ ಗೆಳೆಯನ ಜೊತೆ ಕುಳಿತು ಲೆಕ್ಕ ಹಾಕಿದೆ. 3 ಗ್ರಾಂನ ಒಂದು ಮಾತ್ರೆ 1 ಗ್ರಾಂ ಫಾಸ್ಫೀನ್ ಕೊಡುತ್ತದೆ, ಅಂದರೆ ಸುಮಾರು ಮುಕ್ಕಾಲು ಲೀಟರ್ ಅನಿಲ. ಉದ್ದ, ಅಗಲ, ಎತ್ತರ ಮೂರೂ 10 ಅಡಿ ಇರುವ ಕೋಣೆಯಲ್ಲಿ ಸುಮಾರು 28,000 ಲೀಟರ್ ಗಾಳಿ. ಕಿಟಕಿ ಮುಚ್ಚಿದ್ದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಅನಿಲ 25 ಪಾಲು. ಅಮೆರಿಕದಲ್ಲಿ ಕೆಲಸಗಾರರಿಗೆ ಇರುವ ಮಿತಿ 0.3 ಪಾಲು. ಎಂಬತ್ತು ಪಟ್ಟಿಗೂ ಹೆಚ್ಚು, ಒಂದೇ ಮಾತ್ರೆಯಿಂದ.

ನಮ್ಮ ದೇಶದಲ್ಲಿ ಇದನ್ನು ಬಳಸಲು ಸರ್ಕಾರಿ ಗೋದಾಮಿನವರಿಗೆ ಮತ್ತು ಪರವಾನಗಿ ಇರುವ ಪೆಸ್ಟ್ ಕಂಟ್ರೋಲ್‌ನವರಿಗೆ ಮಾತ್ರ ಅವಕಾಶ. ಅಬ್ಬಾ ಮೊದಲು ಒಪ್ಪಲಿಲ್ಲ. "ಎಲ್ಲ ಅಂಗಡಿಯಲ್ಲೂ ಇಡ್ತಾರೆ, ನಮಗೇನು ಆಗಿದೆ?" ಎಂದರು. ಲೆಕ್ಕದ ಹಾಳೆ ತೋರಿಸಿದೆ. ರಾತ್ರಿ ಮಾಮು ಬಂದು ತಿಳಿಹೇಳಿದ ಮೇಲೆ ಸುಮ್ಮನಾದರು. ಡಬ್ಬಿಯನ್ನು ಕಸಕ್ಕಾಗಲಿ ಚರಂಡಿಗಾಗಲಿ ಹಾಕಬಾರದು, ನೀರು ತಾಗಿದರೆ ಇನ್ನೂ ಅಪಾಯ. ಪರವಾನಗಿ ಇರುವವರಿಗೆ ಫೋನ್ ಮಾಡಿದೆವು. ಮರುದಿನ ಬಂದು ತೆಗೆದುಕೊಂಡು ಹೋದರು. ಅಲ್ಲಿಯವರೆಗೆ ಎಲ್ಲರೂ ಅಜ್ಜಿಯ ಮನೆಯಲ್ಲಿ ಮಲಗಿದೆವು. ಈಗ ಅಬ್ಬಾ ಹದಿನೈದು ದಿನಕ್ಕೆ ಆಗುವಷ್ಟೇ ಅಕ್ಕಿ ತರಿಸುತ್ತಾರೆ.